ಕಡಲ್ಗಳ್ಳರ, ರಕ್ತಪಿಶಾಚಿಗಳ ಕಥೆಗಳಿಗೊಂದು ಕನ್ನಡ ಜಾಲತಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಓದುಗರಲ್ಲಿ ಸಾಹಸಕಥೆಗಳ ಹುಚ್ಚು ಹಿಡಿದವರು ಕಡಿಮೆಯಿಲ್ಲ. ಅವರಲ್ಲಿ ಕೆಲವರಿಗೆ ಕಡಲ್ಗಳ್ಳರ ಮತ್ತು ರಕ್ತಪಿಶಾಚಿಗಳ ಕಥೆಗಳಿಗೆಂದೇ ಒಂದು ಅಭಿಮಾನಿ ತಾಣ ಕಟ್ಟುವ ಆಸೆ. ಅಂಥವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಎಲ್ಲ ಉತ್ತರಗಳಿಗೂ ಅಡಿಪಾಯವಾಗಿ ಒಂದೇ ಮಾತು: ಕಟ್ಟುಕಥೆ ಯಾವುದು, ಊರವರು ನಂಬುವ ಐತಿಹ್ಯ ಯಾವುದು, ದಾಖಲೆಯಿರುವ ಇತಿಹಾಸ ಯಾವುದು ಎಂಬುದು ಪ್ರತಿ ಪುಟದಲ್ಲೂ ಓದುಗನಿಗೆ ಒಂದೇ ನೋಟಕ್ಕೆ ಗೊತ್ತಾಗಬೇಕು.

ಕಡಲ್ಗಳ್ಳರಿಗೂ ರಕ್ತಪಿಶಾಚಿಗಳಿಗೂ ಎಲ್ಲಿಯ ನಂಟು? ಎರಡನ್ನೂ ಒಂದೇ ತಾಣದಲ್ಲಿ ಏಕೆ ಇಡಬೇಕು?

ನಂಟು ಹಳೆಯದು. 1897ರಲ್ಲಿ ಬಂದ ಬ್ರಾಂ ಸ್ಟೋಕರ್‌ನ ‘ಡ್ರಾಕುಲಾ’ದಲ್ಲಿ ಪಿಶಾಚಿ ಇಂಗ್ಲೆಂಡಿಗೆ ಬರುವುದೇ ಹಡಗಿನಲ್ಲಿ. ವಾರ್ನಾ ಬಂದರಿನಿಂದ ಹೊರಟ ಹಡಗಿನಲ್ಲಿ ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಚುಕ್ಕಾಣಿಗೆ ಕೈ ಕಟ್ಟಿಕೊಂಡ ಸತ್ತ ಕಪ್ತಾನನೊಂದಿಗೆ ಅದು ವಿಟ್ಬಿ ಬಂದರಿಗೆ ನುಗ್ಗುತ್ತದೆ. 1885ರ ಅಕ್ಟೋಬರಿನಲ್ಲಿ ಅದೇ ವಿಟ್ಬಿಯಲ್ಲಿ ನಿಜವಾಗಿ ದಡಕ್ಕೆ ಬಡಿದ ‘ದಿಮಿತ್ರಿ’ ಎಂಬ ರಷ್ಯನ್ ಹಡಗು ಇದಕ್ಕೆ ಪ್ರೇರಣೆ. ತಪ್ಪಿಸಿಕೊಳ್ಳಲು ಜಾಗವಿಲ್ಲದ ಮರದ ಹಡಗು, ಎಣಿಸಿದಷ್ಟೇ ಜನ, ಸುತ್ತ ನೀರು: ಎರಡು ಬಗೆಯ ಕಥೆಗೂ ಬೇಕಾದ್ದು ಇದೇ. ಆದರೂ ಒಂದು ಎಚ್ಚರ. ಎರಡನ್ನೂ ಬೆರೆಸಿದ ಕಥೆಗಳಿಗೆ ಮೂರನೆಯ ವಿಭಾಗ ಮಾಡಿ. ಬರೀ ಹಡಗಿನ ಕಥೆ ಬೇಕೆಂದು ಬಂದವನಿಗೆ ಮೊದಲ ಪುಟದಲ್ಲೇ ಹಲ್ಲು ತೋರಿಸುವ ಶವ ಎದುರಾಗಬಾರದು.

ಶುರು ಮಾಡುವಾಗ ಎಷ್ಟು ಬರಹ ಕೈಯಲ್ಲಿರಬೇಕು?

ಹನ್ನೆರಡು ಸಾಕು; ಅದಕ್ಕಿಂತ ಕಡಿಮೆ ಬೇಡ. ನಾಲ್ಕು ಪುಸ್ತಕ ಪರಿಚಯ, ನಾಲ್ಕು ಮಾಹಿತಿ ಬರಹ (ಹಡಗಿನ ಭಾಗಗಳು, ನಾಣ್ಯಗಳು, ಪಿಶಾಚಿಯ ನಿಯಮಗಳು, ಹೆಸರುಗಳ ಪಟ್ಟಿ), ಎರಡು ಸ್ವಂತ ಕಥೆ, ನಮ್ಮ ಕರಾವಳಿಯ ಬಗ್ಗೆ ಎರಡು. ಆಮೇಲೆ ಹದಿನೈದು ದಿನಕ್ಕೊಂದು ಸೇರಿಸಿದರೆ ತಾಣ ಜೀವಂತವಾಗಿರುತ್ತದೆ. ದಿನಕ್ಕೊಂದು ಹಾಕುತ್ತೇವೆಂದು ಹೊರಟ ಅಭಿಮಾನಿ ತಾಣಗಳು ಹೆಚ್ಚಾಗಿ ಮೊದಲ ಮಳೆಗಾಲಕ್ಕೇ ನಿಂತುಹೋಗುತ್ತವೆ, ಏಕೆಂದರೆ ಬರೆಯುವವರು ಇಬ್ಬರೋ ಮೂವರೋ ಇರುತ್ತಾರೆ, ಅವರಿಗೂ ಶಾಲೆ, ತೋಟ, ಅಂಗಡಿ ಇರುತ್ತದೆ.

ತಾಣದ ಹೆಸರು ಹೇಗಿರಬೇಕು?

ಚಿಕ್ಕದು, ಹೇಳಿದರೆ ಬರೆದುಕೊಳ್ಳಲು ಬರುವಂಥದ್ದು. ಯಾವುದೇ ಸಿನಿಮಾದ ಹೆಸರಾಗಲಿ, ಪಾತ್ರದ ಹೆಸರಾಗಲಿ ಬೇಡ. ಅವು ಹೆಚ್ಚಾಗಿ ನೋಂದಾಯಿತ ಮುದ್ರೆಗಳು (ಟ್ರೇಡ್‌ಮಾರ್ಕ್), ಕಂಪನಿ ಕೇಳಿದ ದಿನ ಹೆಸರನ್ನು ಬಿಟ್ಟುಕೊಡಬೇಕಾಗುತ್ತದೆ. ಡೊಮೈನ್ (ತಾಣದ ಅಂತರಜಾಲ ವಿಳಾಸ) ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗದೆ ಎರಡನೆಯ ವರ್ಷದ ನವೀಕರಣ ದರ ನೋಡಿ. ಕನ್ನಡ ಲಿಪಿಯ ‘.ಭಾರತ’ ಡೊಮೈನ್ ಸಿಗುತ್ತದೆ, ಚಂದವೂ ಹೌದು, ಆದರೆ ಕೆಲವು ಮೇಲ್ ಸೇವೆಗಳು ಇನ್ನೂ ಅದನ್ನು ಒಪ್ಪುವುದಿಲ್ಲ. ‘.ಇನ್’ ಡೊಮೈನನ್ನು ಮುಖ್ಯವಾಗಿಟ್ಟು ಕನ್ನಡದ್ದನ್ನು ಅದಕ್ಕೆ ತಿರುಗಿಸುವುದು ಜಾಣತನ.

ಕಳಿಸಿದ ಕಥೆ ತಾಣದಲ್ಲಿ ಹಾಕಿದಾಗ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಏಕೆ?

ಅದು ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿ ಇಲ್ಲ. ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಒಳಗೆ ನಿಜವಾಗಿ ಇಂಗ್ಲಿಷ್ ಅಕ್ಷರಗಳೇ. ಆ ಫಾಂಟ್ ಇದ್ದ ಕಡೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಬರಹಗಳು ಈಗಲೂ ಹೀಗೆಯೇ ಬರುತ್ತವೆ. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ, ಆದರೆ ಪರಿವರ್ತನೆಯ ನಂತರ ಮೂರು ಕಡೆ ಕಣ್ಣು ಹಾಯಿಸಲೇಬೇಕು. ಒಂದು, ಅರ್ಕಾವತ್ತು: ‘ಸೂರ್ಯ’, ‘ವರ್ಷ’, ‘ಮಾರ್ಗ’ದಂಥ ಪದಗಳು ಅಡ್ಡಾದಿಡ್ಡಿಯಾಗುತ್ತವೆ, ಏಕೆಂದರೆ ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ವ್ಯಂಜನದ ನಂತರ ಒತ್ತುತ್ತಿದ್ದರು, ಯೂನಿಕೋಡ್‌ನಲ್ಲಿ ‘ರ’ ಮೊದಲು ಬರುತ್ತದೆ. ಎರಡು, ಎರಡು ಒತ್ತಿರುವ ಪದಗಳು: ‘ರಾಷ್ಟ್ರ’, ‘ಶಸ್ತ್ರ’. ಮೂರು, ನಡುವೆ ಇದ್ದ ಇಂಗ್ಲಿಷ್ ಪದಗಳು. ಹಡಗಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಅದೂ ಕನ್ನಡದ ಕಸವಾಗಿ ತಿರುಗಿರುತ್ತದೆ.

ಫಾಂಟಿಗೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಉದ್ದ ಕಥೆಗಳಿಗೆ ಕಣ್ಣಿಗೆ ಹಿತ. ಶೀರ್ಷಿಕೆಗೆ ಬಲೂ ತಮ್ಮ ಆಗುತ್ತದೆ. ಅಕ್ಷರದ ಗಾತ್ರ 18 ಪಿಕ್ಸೆಲ್‌ಗಿಂತ ಕಡಿಮೆಯಾದರೆ ಮೊಬೈಲಿನಲ್ಲಿ ಒತ್ತಕ್ಷರ ಓದಲಾಗದು. ಸಾಲಿನ ಅಂತರ 1.7 ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಯಲ್ಲೇ ಬಿಡಿ. ಇಂಗ್ಲಿಷಿಗೆ ಮಾಡಿದ ಎಷ್ಟೋ ವಿನ್ಯಾಸಗಳು ಶೀರ್ಷಿಕೆಯ ಅಕ್ಷರಗಳನ್ನು ಬಿಡಿಬಿಡಿಯಾಗಿಸುತ್ತವೆ. ಕನ್ನಡಕ್ಕೆ ಅದು ಒಗ್ಗುವುದಿಲ್ಲ. ಪುಟ ಯಾವ ಭಾಷೆಯದ್ದೆಂದು ಯಂತ್ರಕ್ಕೆ ಹೇಳುವ ಭಾಷಾಗುರುತು ‘ಕೆಎನ್’ (kn) ಇರಲಿ. ತುಳು ಕಥೆಯಿದ್ದರೆ ಆ ಭಾಗಕ್ಕೆ ‘ಟಿಸಿವೈ’ (tcy) ಎಂದು ಕೊಡಿ. ಓದಿ ಹೇಳುವ ತಂತ್ರಾಂಶ ಬಳಸುವ ದೃಷ್ಟಿಹೀನ ಓದುಗರಿಗೆ ಇದು ಬೇಕು.

ತಾಣದಲ್ಲಿ ಇರುವ ಕಥೆಯೇ ಹುಡುಕಿದರೆ ಸಿಗುವುದಿಲ್ಲವಲ್ಲ?

ಎರಡು ಕಾರಣ. ಒಂದು ಕಣ್ಣಿಗೆ ಕಾಣದ್ದು: ‘ಕಡಲ್ಗಳ್ಳ’ ಎಂದು ಒಬ್ಬರು, ‘ಕಡಲ್‌ಗಳ್ಳ’ ಎಂದು ಇನ್ನೊಬ್ಬರು ಬರೆಯುತ್ತಾರೆ. ಎರಡನೆಯದರಲ್ಲಿ ‘ಲ್’ ಆದ ಮೇಲೆ ಅಗಲವಿಲ್ಲದ ಒಂದು ಅದೃಶ್ಯ ಚಿಹ್ನೆ ಇದೆ. ಯಂತ್ರಕ್ಕೆ ಅವೆರಡೂ ಬೇರೆ ಪದ. ಹುಡುಕುವ ಮೊದಲು ಆ ಚಿಹ್ನೆಯನ್ನು ತೆಗೆದುಹಾಕುವ ಸಾಲೊಂದನ್ನು ತಂತ್ರಾಂಶ ಬಲ್ಲವರಿಂದ ಸೇರಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ. ಇನ್ನೊಂದು, ಹೆಸರಿನ ಕಾಗುಣಿತ: ಡ್ರಾಕುಲಾ, ಡ್ರಾಕುಲ, ಡ್ರಾಕ್ಯುಲಾ, ಡ್ರ್ಯಾಕುಲಾ. ಮಲಯಾಳ ಮಾಧ್ಯಮದಲ್ಲಿ ಓದಿದವರು ಬರೆಯುವ ರೀತಿ ಮತ್ತೊಂದು. ಒಂದು ರೂಪವನ್ನು ಆಯ್ದು ಹೆಸರುಗಳ ಪಟ್ಟಿಯಲ್ಲಿ ಹಾಕಿ, ಉಳಿದ ರೂಪಗಳನ್ನು ಆ ಪುಟದ ಗುರುತುಪದಗಳಾಗಿ (ಟ್ಯಾಗ್) ಕೊಡಿ.

ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಒಂಬತ್ತು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ‘ಕಡಲ್ಗಳ್ಳ’ ಎಂಬ ಒಂದೇ ಪದ 72 ಅಕ್ಷರವಾಗುತ್ತದೆ; ವಾಟ್ಸ್‌ಆಪ್‌ನಲ್ಲಿ ಹಂಚಿದಾಗ ಕೊಂಡಿ ನಡುವೆಯೇ ತುಂಡಾಗುವುದು ಇದರಿಂದ.

ಹಳೆಯ ಕಥೆಗಳನ್ನು ಪೂರ್ತಿಯಾಗಿ ಹಾಕಬಹುದೇ?

ಲೇಖಕರು ತೀರಿಕೊಂಡ ವರ್ಷ ಗೊತ್ತಿದ್ದರೆ ಉತ್ತರ ಲೆಕ್ಕದಿಂದಲೇ ಸಿಗುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ತೀರಿಕೊಂಡ ವರ್ಷಕ್ಕೆ 60 ಕೂಡಿಸಿ. ಆ ವರ್ಷದ ಡಿಸೆಂಬರ್ 31ರವರೆಗೆ ಮುಟ್ಟಬೇಡಿ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಮುಕ್ತ. ಲೇಖಕರು ತೀರಿಕೊಂಡ ನಂತರ ಮೊದಲ ಬಾರಿ ಅಚ್ಚಾದ ಬರಹಕ್ಕೆ, ಲೇಖಕರ ಹೆಸರಿಲ್ಲದ ಬರಹಕ್ಕೆ 60 ವರ್ಷವನ್ನು ಪ್ರಕಟಣೆಯ ವರ್ಷದಿಂದ ಎಣಿಸಬೇಕು.

ನಮ್ಮ ವಿಷಯದ ದೊಡ್ಡ ಹೆಸರುಗಳೆಲ್ಲ ಹಳಬರು. ಪಿಶಾಚಿಕಥೆ ಬರೆದ ಪಾಲಿಡೋರಿ 1821ರಲ್ಲಿ, ಲೆ ಫಾನು 1873ರಲ್ಲಿ, ಸ್ಟೋಕರ್ 1912ರಲ್ಲಿ ತೀರಿಕೊಂಡರು; ಕಡಲ್ಗಳ್ಳರ ಕಥೆ ಬರೆದ ಸ್ಟೀವನ್‌ಸನ್ 1894ರಲ್ಲಿ, ಎಮಿಲಿಯೊ ಸಲ್ಗಾರಿ 1911ರಲ್ಲಿ, ರಫಾಯೆಲ್ ಸಬಾಟಿನಿ 1950ರಲ್ಲಿ. ಇವರ ಮೂಲ ಕೃತಿಗಳನ್ನು ನೀವೇ ಕನ್ನಡಕ್ಕೆ ತಂದು ಹಾಕಲು ಯಾರ ಅನುಮತಿಯೂ ಬೇಡ.

ಎಡವುವುದು ಎರಡು ಕಡೆ. ಮೊದಲನೆಯದು ಅನುವಾದ. ಮೂಲ ಮುಕ್ತವಾಗಿದ್ದರೂ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯೇ ಇದೆ, ಅದು ಅವರ ಜೀವಿತಾವಧಿ ಮತ್ತು 60 ವರ್ಷ. ವಾಚನಾಲಯದಲ್ಲಿ ಸಿಕ್ಕ ಹಳೆಯ ಅನುವಾದವನ್ನು ಸ್ಕ್ಯಾನ್ ಮಾಡಿ ಏರಿಸುವುದು ಬಹುಪಾಲು ಉಲ್ಲಂಘನೆಯೇ. ಇಂಗ್ಲಿಷ್ ಅನುವಾದದಿಂದ ಕನ್ನಡಕ್ಕೆ ತರುವಾಗಲೂ ಇದನ್ನು ನೋಡಬೇಕು: ಸಲ್ಗಾರಿಯ ಇಟಾಲಿಯನ್ ಮೂಲ ಮುಕ್ತ, ಆದರೆ ಮೊನ್ನೆ ಮೊನ್ನೆ ಬಂದ ಇಂಗ್ಲಿಷ್ ಅನುವಾದ ಮುಕ್ತವಲ್ಲ. ಎರಡನೆಯದು ಅಮೆರಿಕದ ಲೆಕ್ಕ. ಗುಟೆನ್‌ಬರ್ಗ್‌ನಂಥ ಉಚಿತ ಗ್ರಂಥಾಲಯಗಳು ಅಮೆರಿಕದ ಕಾನೂನಿನಂತೆ ಮುಕ್ತವಾದದ್ದನ್ನು ಇಡುತ್ತವೆ. ಅಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದ ವರ್ಷದ ಮೇಲೆ ಲೆಕ್ಕ. 1925ರಲ್ಲಿ ಪುಸ್ತಕ ಬರೆದು 1970ರಲ್ಲಿ ತೀರಿಕೊಂಡವರ ಕೃತಿ ಅಲ್ಲಿ ಮುಕ್ತವಿದ್ದರೂ ಇಲ್ಲಿ 2030ರ ಕೊನೆಯವರೆಗೆ ಹಕ್ಕಿನಲ್ಲಿರುತ್ತದೆ.

ಪಿಶಾಚಿಕಥೆಗಳ ಅಭಿಮಾನಿಗಳು ಇದನ್ನು ಹಗುರವಾಗಿ ಕಾಣಬಾರದು ಎನ್ನಲು ಇತಿಹಾಸವೇ ಇದೆ. 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ ಹೆಸರುಗಳನ್ನು ಬದಲಿಸಿ ಅನುಮತಿಯಿಲ್ಲದೆ ಸ್ಟೋಕರ್‌ನ ಕಥೆಯನ್ನೇ ತೆಗೆದಿತ್ತು. ಅವನ ಹೆಂಡತಿ ಫ್ಲಾರೆನ್ಸ್ ಮೊಕದ್ದಮೆ ಹೂಡಿ ಗೆದ್ದರು, ಪ್ರತಿಗಳನ್ನು ನಾಶ ಮಾಡಲು ನ್ಯಾಯಾಲಯ ಆದೇಶಿಸಿತು. ಕೆಲವು ಪ್ರತಿಗಳು ಉಳಿದುಕೊಂಡದ್ದರಿಂದ ಆ ಚಿತ್ರ ಇಂದು ನೋಡಲು ಸಿಗುತ್ತಿದೆ.

ವಿಮರ್ಶೆಯಲ್ಲಿ ಎಷ್ಟು ಸಾಲು ಎತ್ತಿ ಬರೆಯಬಹುದು?

ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ ಕಾಯಿದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಇಷ್ಟೇ ಪದ ಎಂಬ ಸಂಖ್ಯೆ ಅದರಲ್ಲಿ ಇಲ್ಲ. ನಿಮ್ಮ ಮಾತು ಹೆಚ್ಚು, ಎತ್ತಿದ ಮಾತು ಕಡಿಮೆ ಇರಬೇಕು. ಪುಸ್ತಕ, ಲೇಖಕ, ಅನುವಾದಕ ಮೂವರನ್ನೂ ಹೆಸರಿಸಿ. ಕೊನೆಯ ಅಧ್ಯಾಯದ ಗುಟ್ಟನ್ನು ಎತ್ತಿ ಹಾಕಬೇಡಿ.

ಚಿತ್ರಗಳನ್ನು ಎಲ್ಲಿಂದ ತರುವುದು?

ಕಡಲ್ಗಳ್ಳರ ಚಿತ್ರಕ್ಕೆ ಅಮೆರಿಕದ ಚಿತ್ರಕಾರರಾದ ಹೊವರ್ಡ್ ಪೈಲ್ ಮತ್ತು ಎನ್. ಸಿ. ವೈಯತ್ ಸಾಕು. ಕೆಂಪು ಸೊಂಟಪಟ್ಟಿ, ತಲೆವಸ್ತ್ರ ಕಟ್ಟಿದ ಕಡಲ್ಗಳ್ಳನ ರೂಪವನ್ನು ಲೋಕದ ಕಣ್ಣಿನಲ್ಲಿ ಕೂರಿಸಿದವರು ಪೈಲ್. ಇವರು 1911ರಲ್ಲಿ, ವೈಯತ್ 1945ರಲ್ಲಿ ತೀರಿಕೊಂಡದ್ದರಿಂದ ಇಬ್ಬರ ಚಿತ್ರಗಳೂ ಇಲ್ಲಿ ಮುಕ್ತ. ಸಿನಿಮಾ ಪೋಸ್ಟರ್, ನಟರ ಫೋಟೊ ಬೇಡ. ಬೇಕಲ ಕೋಟೆಯ ಫೋಟೊವನ್ನು ಯಾರದೋ ಇನ್‌ಸ್ಟಾಗ್ರಾಮ್‌ನಿಂದ ಎತ್ತುವ ಬದಲು ನೀವೇ ತೆಗೆಯಿರಿ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪದಲ್ಲಿ 150 ಕೆಬಿಯ ಒಳಗೆ ಉಳಿಸಿ. ಮೊಬೈಲಿನಿಂದ ನೇರವಾಗಿ ಏರಿಸಿದ ಫೋಟೊ 4–5 ಎಂಬಿ ಇರುತ್ತದೆ. ಗುಡ್ಡದ ಮರೆಯಲ್ಲಿ ಒಂದೇ ಗೆರೆ ಸಿಗ್ನಲ್ ಇರುವವರಿಗೆ ಆ ಪುಟ ತೆರೆಯುವುದೇ ಇಲ್ಲ. ಜೊತೆಗೆ ಫೋಟೊ ತೆಗೆದ ಜಾಗದ ಅಕ್ಷಾಂಶ–ರೇಖಾಂಶವೂ ಕಡತದೊಳಗೆ ಅಡಗಿರುತ್ತದೆ, ಅದನ್ನು ಅಳಿಸಿ.

ನಮ್ಮ ಕರಾವಳಿಯಲ್ಲಿ ನಿಜವಾಗಿ ಕಡಲ್ಗಳ್ಳರು ಇದ್ದರೇ?

ಇದ್ದರು, ಬಹಳ ಹಿಂದಿನಿಂದ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಕೇರಳದ ಮುಜಿರಿಸ್ ಬಂದರಿಗೆ ಹೋಗುವವರು ನಿತ್ರಿಯಾಸ್ ಎಂಬಲ್ಲಿನ ಕಡಲ್ಗಳ್ಳರಿಗೆ ಹೆದರಬೇಕು ಎಂದು ಬರೆದಿದ್ದಾನೆ. ಆ ಹೆಸರನ್ನು ನೇತ್ರಾವತಿಯೊಂದಿಗೆ ಜೋಡಿಸುವ ವಿದ್ವಾಂಸರಿದ್ದಾರೆ. ಮಾರ್ಕೊ ಪೋಲೊ ಬರೆದದ್ದು ಕಥೆಗಾರರಿಗೆ ಹಬ್ಬ: ಮಲಬಾರಿನ ಕಳ್ಳರು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬೇಸಿಗೆಯಿಡೀ ಕಡಲಲ್ಲೇ ಇರುತ್ತಾರೆ, 20–30 ಹಡಗುಗಳು ಒಂದರಿಂದ ಒಂದು 5–6 ಮೈಲಿ ದೂರದಲ್ಲಿ ಸಾಲಾಗಿ ನಿಂತು ನೂರು ಮೈಲಿ ಕಡಲಿಗೆ ಬಲೆ ಬೀಸುತ್ತವೆ, ವ್ಯಾಪಾರಿ ಹಡಗು ಕಂಡರೆ ಬೆಂಕಿ ಅಥವಾ ಹೊಗೆಯಿಂದ ಸನ್ನೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರ–ಬಾರ್ಕೂರುಗಳ ನಡುವಿನ ಕಡಲಲ್ಲಿ ಎಲ್ಲವನ್ನೂ ಕಳೆದುಕೊಂಡ. ವಿಲಿಯಂ ಕಿಡ್ ಕಡಲ್ಗಳ್ಳರನ್ನು ಹಿಡಿಯಲು ಇಂಗ್ಲೆಂಡಿನ ಅಧಿಕಾರಪತ್ರ ಹಿಡಿದು ಬಂದವನು. 1698ರ ಜನವರಿಯಲ್ಲಿ ಮಲಬಾರಿನ ಆಚೆ ‘ಕ್ವೆಡಾ ಮರ್ಚೆಂಟ್’ ಹಡಗನ್ನು ಹಿಡಿದು ತಾನೇ ಕಳ್ಳನೆನಿಸಿಕೊಂಡು 1701ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ.

ಕುಂಞಾಲಿ ಮರಕ್ಕಾರರನ್ನೂ ಕಾನ್ಹೋಜಿ ಆಂಗ್ರೆಯನ್ನೂ ಈ ಪಟ್ಟಿಗೆ ಸೇರಿಸಬೇಡಿ. ಮರಕ್ಕಾರರು ಕೋಳಿಕ್ಕೋಡಿನ ಸಾಮೂದಿರಿಯ ನೌಕಾಪಡೆಯ ನಾಯಕರು, ಆಂಗ್ರೆ ಮರಾಠರ ನೌಕಾಧಿಪತಿ. ಕಳ್ಳರೆಂದು ಕರೆದದ್ದು ಪೋರ್ಚುಗೀಸರು ಮತ್ತು ಇಂಗ್ಲಿಷರು. ಪೋರ್ಚುಗೀಸರು ತಮ್ಮ ರಹದಾರಿ ಇಲ್ಲದ ಯಾವ ಹಡಗನ್ನೂ ಬಿಡುತ್ತಿರಲಿಲ್ಲ. ಆ ರಹದಾರಿಯನ್ನು ಒಪ್ಪದವರೆಲ್ಲ ಅವರ ಲೆಕ್ಕದಲ್ಲಿ ಕಳ್ಳರು. ಉಳ್ಳಾಲದ ಅಬ್ಬಕ್ಕನನ್ನು ‘ಕಡಲ್ಗಳ್ಳರ ರಾಣಿ’ ಎಂದು ಶೀರ್ಷಿಕೆ ಕೊಟ್ಟು ಕಳಿಸುವವರಿದ್ದಾರೆ. ಅಂಥದ್ದನ್ನು ತಿರುಗಿಸಿ ಕಳಿಸಿ.

ಕಡಲಿನ ಕಥೆಯಲ್ಲಿ ಯಾವ ತಪ್ಪುಗಳನ್ನು ತಿದ್ದಬೇಕು?

ಮೊದಲು ತಿಂಗಳು ನೋಡಿ. ಹಾಯಿಹಡಗಿನ ಕಾಲದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚಿದಂತೆಯೇ. ಆಷಾಢದ ಗಾಳಿಗೆ ಬೇಕಲದ ಎದುರು ಲಂಗರು ಹಾಕಿದ ಹಡಗು ನಿಲ್ಲುವುದಿಲ್ಲ, ದಡಕ್ಕೆ ಬಡಿಯುತ್ತದೆ. ಕಥೆಯಲ್ಲಿ ಬಿರುಮಳೆ ಬೇಕೇ ಬೇಕೆಂದರೆ ಹಡಗನ್ನು ಹೊಳೆಬಾಯಿಯ ಒಳಗೆ ಎಳೆದು ಕಟ್ಟಿಸಿ, ಅಥವಾ ಅಕ್ಟೋಬರಿನ ಗುಡುಗುಮಳೆಯನ್ನು ಬಳಸಿ.

ಆಮೇಲೆ ವೇಗ. ಒಳ್ಳೆ ಗಾಳಿಗೆ 5 ನಾಟ್, ಎಂದರೆ ಗಂಟೆಗೆ ಸುಮಾರು 9 ಕಿಲೋಮೀಟರ್. ಕಾಸರಗೋಡಿನಿಂದ ಮಂಗಳೂರಿಗೆ ಐದಾರು ಗಂಟೆ ಬೇಕು. ‘ಕಣ್ಣುಮುಚ್ಚಿ ತೆರೆಯುವುದರೊಳಗೆ’ ತಲುಪಿಸಬೇಡಿ. ನೀರು: ಒಬ್ಬನಿಗೆ ದಿನಕ್ಕೆ 3 ಲೀಟರ್ ಎಂದಿಟ್ಟರೂ 50 ಜನಕ್ಕೆ ಒಂದು ತಿಂಗಳಿಗೆ 4,500 ಲೀಟರ್. ಆದ್ದರಿಂದ ಕಳ್ಳರು ಆಗಾಗ ದಡಕ್ಕೆ ಬರಲೇಬೇಕು, ಕಥೆ ಹುಟ್ಟುವುದೂ ಅಲ್ಲೇ. ಕಲ್ಲುಚಕಮಕಿಯ ಪಿಸ್ತೂಲಿಗೆ ಒಂದೇ ಗುಂಡು. ಮತ್ತೆ ತುಂಬುವ ಹೊತ್ತಿಗೆ ಎದುರಾಳಿ ಕತ್ತಿ ಹಿಡಿದು ಹತ್ತಿರ ಬಂದಿರುತ್ತಾನೆ. ಮದ್ದು ನೆನೆದರೆ ಅದೂ ಇಲ್ಲ. ಹಾಗಾಗಿ ನಾಯಕ ಈಜಿ ಬಂದು ಗುಂಡು ಹಾರಿಸುವಂತಿಲ್ಲ.

ಹಲಗೆಯ ಮೇಲೆ ನಡೆಸಿ ಕಡಲಿಗೆ ಬೀಳಿಸುವುದು, ನಕ್ಷೆ ಬರೆದು ನಿಧಿ ಹೂಳುವುದು ಹೆಚ್ಚುಕಡಿಮೆ ಕಾದಂಬರಿಗಳದ್ದೇ ಸೃಷ್ಟಿ. ಕಥೆಯಲ್ಲಿ ಇರಲಿ, ಮಾಹಿತಿ ಬರಹದಲ್ಲಿ ಬೇಡ. ನಿಜವಾದದ್ದು ಅದಕ್ಕಿಂತ ಸೊಗಸು: ಕೆರಿಬಿಯನ್ ಕಳ್ಳರು ಹೊರಡುವ ಮೊದಲೇ ಒಪ್ಪಂದ ಬರೆಯುತ್ತಿದ್ದರು. ಅವರ ಜೊತೆಯಲ್ಲೇ ಇದ್ದ ಎಕ್ಸ್‌ಕ್ವೆಮೆಲಿನ್ 1678ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪರಿಹಾರದ ದರಪಟ್ಟಿಯಿದೆ: ಬಲಗೈ ಹೋದರೆ 600 ಬೆಳ್ಳಿ ನಾಣ್ಯ, ಎಡಗೈ ಅಥವಾ ಬಲಗಾಲಿಗೆ 500, ಎಡಗಾಲಿಗೆ 400, ಕಣ್ಣಿಗೆ 100.

ಪದಗಳಿಗೆ ದೂರ ಹೋಗಬೇಕಿಲ್ಲ. ಮಚವೆ, ಮಂಜಿ, ಪತ್ತೆಮಾರಿ, ಉರು, ಹಾಯಿ, ಕೂವೆಮರ, ಚುಕ್ಕಾಣಿ, ಲಂಗರು, ತಂಡೇಲ, ಖಲಾಸಿ: ಕರಾವಳಿಯ ಹಿರಿಯರ ಬಾಯಲ್ಲಿ ಇವೆಲ್ಲ ಇನ್ನೂ ಇವೆ. ಕೇಳಿ, ಯಾವ ಊರಿನಲ್ಲಿ ಕೇಳಿದಿರೆಂದು ಬರೆದು ಪಟ್ಟಿಗೆ ಸೇರಿಸಿ. ಅಭಿಮಾನಿ ತಾಣವೊಂದು ಕನ್ನಡಕ್ಕೆ ಕೊಡಬಹುದಾದ ದೊಡ್ಡ ಉಪಕಾರ ಈ ಪಟ್ಟಿ.

ರಕ್ತಪಿಶಾಚಿಗೆ ನಿಯಮಗಳೇನು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಒಂದೊಂದು ನಿಯಮವೂ ಒಂದೊಂದು ಕಾಲದ್ದು, ಅದನ್ನೇ ಬರೆಯಿರಿ. ಕರೆಯದೆ ಮನೆಯೊಳಗೆ ಮೊದಲ ಸಲ ಬರಲಾರ, ಕನ್ನಡಿಯಲ್ಲಿ ಬಿಂಬವಿಲ್ಲ, ಬೆಳ್ಳುಳ್ಳಿ ಆಗದು: ಇವು ‘ಡ್ರಾಕುಲಾ’ದಲ್ಲಿ ಇವೆ. ಆದರೆ ಅದೇ ಕಾದಂಬರಿಯಲ್ಲಿ ಅವನು ಹಗಲಿನಲ್ಲಿ ಬೀದಿಯಲ್ಲಿ ಓಡಾಡುತ್ತಾನೆ. ಬೆಳಗಿನ ಬಿಸಿಲಿಗೆ ಸಾಯುವುದು 1922ರ ‘ನೊಸ್ಫೆರಾಟು’ವಿನಿಂದ ಬಂದದ್ದು. ಬೆಳ್ಳಿಯ ಗುಂಡು ತೋಳಮಾನವನ ಕಥೆಗಳಿಗೆ ಸೇರಿದ್ದು. ಹರಿಯುವ ನೀರನ್ನು ಉಬ್ಬರ ತುಂಬಿದಾಗ ಅಥವಾ ನೀರು ನಿಂತಾಗ ಮಾತ್ರ ದಾಟಬಲ್ಲ ಎಂಬ ನಿಯಮವೂ ಸ್ಟೋಕರ್‌ನಲ್ಲಿದೆ, ನಮ್ಮ ಹೊಳೆಬಾಯಿಗಳಿಗೆ ಹೇಳಿ ಮಾಡಿಸಿದಂತಿದೆ. ಚಂದ್ರಗಿರಿ ಅಳಿವೆಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಈ ಲೆಕ್ಕ ಹಿಡಿದರೆ ಪಿಶಾಚಿ ಯಾವ ರಾತ್ರಿ ಎಷ್ಟು ಹೊತ್ತಿಗೆ ದಾಟಬಲ್ಲದೆಂದು ಕಥೆಯಲ್ಲಿ ಬಿಗಿಯಾಗಿ ಹೇಳಬಹುದು. ರಾತ್ರಿಯ ಉದ್ದವೂ ಹಾಗೆ: ವಿಟ್ಬಿಯಲ್ಲಿ ಜೂನ್ ರಾತ್ರಿ ಏಳು ಗಂಟೆಯಷ್ಟೇ, ಇಲ್ಲಿ ವರ್ಷವಿಡೀ ಹನ್ನೆರಡರ ಆಚೀಚೆ. ನಮ್ಮೂರ ಪಿಶಾಚಿಗೆ ಬೇಸಿಗೆಯಲ್ಲೂ ಬಿಡುವಿಲ್ಲ.

ರಕ್ತದ ಲೆಕ್ಕ: ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್. ಎರಡು ಲೀಟರ್ ಹೋದರೆ ಜೀವಕ್ಕೇ ಅಪಾಯ, ಮರುದಿನ ಎದ್ದು ತೋಟಕ್ಕೆ ಹೋಗುವುದು ಸಾಧ್ಯವಿಲ್ಲ. ರಕ್ತದ ಗುಂಪುಗಳು ಗೊತ್ತಾದದ್ದು ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿವರಿಸಿದ ಮೇಲೆ. ಅದಕ್ಕೂ ಹಿಂದಿನ ಕಾಲದ ಕಥೆಯಲ್ಲಿ ವೈದ್ಯ ‘ಯಾವ ಗುಂಪು?’ ಎಂದು ಕೇಳಬಾರದು. ರಕ್ತ ಹೀರುವ ಬಾವಲಿಗಳ ಮೂರೂ ಪ್ರಭೇದಗಳಿರುವುದು ಅಮೆರಿಕ ಖಂಡಗಳಲ್ಲಿ. ಅಡಿಕೆ ತೋಟದ ಬಾವಲಿಯ ಮೇಲೆ ಅಪವಾದ ಹೊರಿಸಬೇಡಿ.

ಈ ನಂಬಿಕೆ ಹುಟ್ಟಿದ್ದೆಲ್ಲಿ ಎಂದು ಕೇಳುವವರಿಗೆ 1725 ಮತ್ತು 1732ರ ಸರ್ಬಿಯಾದ ವರದಿಗಳನ್ನು ಪರಿಚಯಿಸಿ. ಆಸ್ಟ್ರಿಯಾದ ಅಧಿಕಾರಿಗಳೂ ಸೇನೆಯ ವೈದ್ಯರೂ ಗೋರಿ ತೆರೆಸಿ ನೋಡಿ ಬರೆದವು ಅವು. ಉಬ್ಬಿದ ಶವ, ಬಾಯಲ್ಲಿ ಕೆಂಪು ದ್ರವ, ಬೆಳೆದಂತೆ ಕಾಣುವ ಉಗುರು: ಕೊಳೆಯುವಾಗ ಒಳಗೆ ಅನಿಲ ತುಂಬಿ ದ್ರವ ಹೊರಬರುತ್ತದೆ, ಚರ್ಮ ಹಿಂದಕ್ಕೆ ಸರಿದು ಉಗುರು ಉದ್ದ ಕಾಣುತ್ತದೆ. 1755ರಲ್ಲಿ ರಾಣಿ ಮರಿಯಾ ತೆರೇಸಾಳ ವೈದ್ಯ ವಾನ್ ಸ್ವೀಟನ್ ಇದೆಲ್ಲ ಮೂಢನಂಬಿಕೆ ಎಂದು ವರದಿ ಕೊಟ್ಟ ಮೇಲೆ ಗೋರಿ ಅಗೆಯುವುದನ್ನು ಆಕೆ ನಿಷೇಧಿಸಿದಳು.

ಯಕ್ಷಿ, ಬೇತಾಳ ಇವರೂ ರಕ್ತಪಿಶಾಚಿಗಳೇ?

ಬೇತಾಳ ಅಲ್ಲ. ಶವದೊಳಗೆ ಸೇರಿ ಮರಕ್ಕೆ ತಲೆಕೆಳಗಾಗಿ ನೇತಾಡುತ್ತದೆ, ಒಗಟು ಕೇಳುತ್ತದೆ. 1870ರಲ್ಲಿ ರಿಚರ್ಡ್ ಬರ್ಟನ್ ಇಂಗ್ಲಿಷಿಗೆ ತರುವಾಗ ‘ವ್ಯಾಂಪೈರ್’ ಎಂದು ಹೆಸರಿಟ್ಟದ್ದರಿಂದ ಗೊಂದಲ ಉಳಿಯಿತು. ಯಕ್ಷಿ ರಕ್ತಪಿಶಾಚಿಗೆ ಹತ್ತಿರದವಳು: ಹಾಲೆಮರದ ಬುಡದಲ್ಲಿ ಎಲೆಗೆ ಸುಣ್ಣ ಕೇಳುವವಳು, ಬೆಳಗಾದರೆ ಕೂದಲು ಉಗುರು ಮಾತ್ರ ಉಳಿಸುವವಳು. ಆಟಿ ಅಮಾವಾಸ್ಯೆಯಂದು ನಾವು ಕಷಾಯ ಕುಡಿಯುವುದೂ ಆ ಮರದ ತೊಗಟೆಯದ್ದೇ. ಇದನ್ನು ಬಳಸಿ ಒಳ್ಳೆಯ ಕಥೆ ಬರೆಯಲು ಇನ್ನೂ ಜಾಗವಿದೆ.

ಗುಳಿಗ, ಚಾಮುಂಡಿ, ಬಬ್ಬರ್ಯನನ್ನು ಪಾತ್ರ ಮಾಡಿ ಬರೆದ ಕಥೆ ಕಳಿಸಬಹುದೇ?

ಬೇಡ. ಅವು ನಂಬಿ ನಡೆದುಕೊಳ್ಳುವ ಮನೆಗಳಿರುವ ದೈವಗಳು. ಪಿಶಾಚಿಗಳ ಪಟ್ಟಿಯಲ್ಲಿ ಅವಕ್ಕೆ ಜಾಗವಿಲ್ಲ. ಕಡಲಿಗೆ ಸಂಬಂಧಪಟ್ಟ ಬಬ್ಬರ್ಯನ ಬಗ್ಗೆ ಬರೆಯುವುದಾದರೆ ಮಾಹಿತಿ ಬರಹವಾಗಿ, ಪಾಡ್ದನ (ದೈವಗಳ ಕಥೆ ಹೇಳುವ ತುಳು ಹಾಡು) ಬಲ್ಲವರಲ್ಲಿ ಕೇಳಿ, ಗೌರವದಿಂದ ಬರೆಯಿರಿ.

ಕಥೆಗೆ ಇಲ್ಲಿನ ಯಾವ ಜಾಗಗಳು ಒಪ್ಪುತ್ತವೆ?

ಬೇಕಲ ಕೋಟೆ ಎಲ್ಲರ ಮೊದಲ ಆಯ್ಕೆ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದ ಮಧ್ಯದಲ್ಲಿ ಕಟ್ಟಿಸಿದ್ದು. ಅದಕ್ಕೂ ಹಿಂದಿನ ಕಥೆಯಲ್ಲಿ ಅದನ್ನು ನಿಲ್ಲಿಸಬೇಡಿ. ಚಂದ್ರಗಿರಿ ಕೋಟೆ, ಕುಂಬಳೆಯ ಆರಿಕ್ಕಾಡಿ ಕೋಟೆಗಳನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಬೇಕು.

ಆದರೆ ಎಲ್ಲಕ್ಕಿಂತ ನಮ್ಮದೇ ಆದದ್ದು ಸುರಂಗ. ನೀರಿಗಾಗಿ ಗುಡ್ಡದ ಮುರಕಲ್ಲಿನಲ್ಲಿ ಪಿಕ್ಕಾಸಿನಿಂದ ಅಡ್ಡಲಾಗಿ ಕೊರೆದ ಈ ದಾರಿಗಳ ಅಗಲ ಅರ್ಧದಿಂದ ಮುಕ್ಕಾಲು ಮೀಟರ್, ಎತ್ತರ ಒಬ್ಬ ಮನುಷ್ಯ ನಿಲ್ಲುವಷ್ಟು. ಇಬ್ಬರು ಎದುರುಬದುರಾದರೆ ದಾಟಲಾಗದು, ಕತ್ತಿ ಬೀಸಲಾಗದು, ಕಾಲಡಿ ಸದಾ ಹರಿಯುವ ನೀರು. ಹರಿಯುವ ನೀರು ದಾಟಲಾರದ ಪಿಶಾಚಿಗೆ ಅದು ಬಚ್ಚಿಡುವ ಜಾಗವೋ ಬಂಧನವೋ ಎಂಬುದನ್ನು ಬರೆಯುವವರು ತೀರ್ಮಾನಿಸಲಿ. ಕಥೆಗೆಂದು ಒಳಗೆ ಮಾತ್ರ ಹೋಗಬೇಡಿ: ಉಸಿರಾಡಲು ಗಾಳಿ ಸಾಲದೆ ಹೋಗಬಹುದು, ಮಳೆಗಾಲದಲ್ಲಿ ಮಾಡು ಕುಸಿಯುತ್ತದೆ. ಅದು ಒಂದು ಮನೆಯ ಕುಡಿಯುವ ನೀರು ಕೂಡ, ಆದ್ದರಿಂದ ಯಾವ ತೋಟದ್ದು, ಎಲ್ಲಿದೆ ಎಂದು ತಾಣದಲ್ಲಿ ಬರೆಯಬೇಡಿ.

ಶಾಲಾಮಕ್ಕಳ ಕಥೆಗಳನ್ನು ಹಾಕಬಹುದೇ?

ಹಾಕಲೇಬೇಕು. ಹೆಸರಿನ ಮೊದಲ ಭಾಗ, ತರಗತಿ ಇಷ್ಟು ಸಾಕು. ಶಾಲೆಯ ಹೆಸರು, ಫೋಟೊ, ಫೋನ್ ನಂಬರ್ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ವಿವರ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕು. ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಂಡು ಜೋಪಾನವಾಗಿಡಿ. ಕಾಗುಣಿತ ತಿದ್ದಿ, ಕಥೆಯನ್ನು ತಿದ್ದಬೇಡಿ. ರಕ್ತ, ಹಿಂಸೆ ಹೆಚ್ಚಿರುವ ದೊಡ್ಡವರ ಕಥೆಗಳ ಮೇಲೆ ಮೊದಲ ಸಾಲಿನಲ್ಲೇ ಎಚ್ಚರಿಕೆ ಇರಲಿ, ಅವು ಮಕ್ಕಳ ವಿಭಾಗದ ಪಕ್ಕದಲ್ಲಿ ಕಾಣಿಸದಿರಲಿ.

ಗುಡುಗು ಬಂದರೆ ಕರೆಂಟ್ ಹೋಗುತ್ತದೆ. ಕೆಲಸ ಅರ್ಧಕ್ಕೆ ನಿಂತರೆ?

ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ತಾಣದ ತಂತ್ರಾಂಶ ನವೀಕರಿಸಬೇಡಿ, ಬೆಳಗ್ಗೆ ಮಾಡಿ. ವರ್ಡ್‌ಪ್ರೆಸ್ ನವೀಕರಣದ ನಡುವೆ ಸಂಪರ್ಕ ಕಡಿದರೆ ‘ದುರಸ್ತಿ ನಡೆಯುತ್ತಿದೆ’ ಎಂಬ ಸೂಚನೆಯಲ್ಲೇ ತಾಣ ಸಿಕ್ಕಿಕೊಳ್ಳಬಹುದು. ಹೋಸ್ಟಿಂಗ್‌ನ (ತಾಣವನ್ನು ಇಟ್ಟಿರುವ ಬಾಡಿಗೆ ಗಣಕದ) ಕಡತಗಳಲ್ಲಿ ಚುಕ್ಕಿಯಿಂದ ಶುರುವಾಗುವ ‘ಮೇಂಟೆನೆನ್ಸ್’ (.maintenance) ಎಂಬ ಕಡತವನ್ನು ಅಳಿಸಿದರೆ ತೆರೆದುಕೊಳ್ಳುತ್ತದೆ. ಆ ಕಡತ ಕಾಣದಿದ್ದರೆ ಅಡಗಿದ ಕಡತಗಳನ್ನು ತೋರಿಸುವ ಆಯ್ಕೆ ಒತ್ತಿ. ಮಿಂಚುವಾಗ ರೂಟರ್‌ನ ಪ್ಲಗ್ ಕೀಳಿ.

ನಕಲು ಪ್ರತಿ ಎಷ್ಟು ಇರಬೇಕು?

ಮೂರು: ಹೋಸ್ಟಿಂಗ್‌ನಲ್ಲಿ ಒಂದು, ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಿನಲ್ಲಿರುವ ಇನ್ನೊಬ್ಬರ ಬಳಿ ಒಂದು. ತಿಂಗಳಿಗೊಮ್ಮೆ ಬರಹಗಳಿರುವ ದತ್ತಸಂಚಯ (ಡೇಟಾಬೇಸ್) ಮತ್ತು ಚಿತ್ರಗಳ ಕಡತಕೋಶ ಎರಡನ್ನೂ ಇಳಿಸಿಕೊಳ್ಳಿ. ಬರೀ ದತ್ತಸಂಚಯ ಉಳಿಸಿದವರ ಬಳಿ ಕಥೆ ಇರುತ್ತದೆ, ಚಿತ್ರ ಇರುವುದಿಲ್ಲ. ಆರು ತಿಂಗಳಿಗೊಮ್ಮೆ ಆ ಪ್ರತಿಯನ್ನು ನಿಜವಾಗಿ ಬೇರೆ ಕಡೆ ತೆರೆದು ನೋಡಿ. ದತ್ತಸಂಚಯ ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8ರಲ್ಲಿ ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮರಳುತ್ತದೆ, ಆಮೇಲೆ ಸರಿಪಡಿಸಲು ಬರುವುದಿಲ್ಲ.

ನಡೆಸುತ್ತಿದ್ದವರು ಕೆಲಸಕ್ಕೆಂದು ದುಬೈಗೋ ಬೆಂಗಳೂರಿಗೋ ಹೋದರೆ ತಾಣದ ಗತಿ?

ಡೊಮೈನ್ ಮತ್ತು ಹೋಸ್ಟಿಂಗ್ ಒಬ್ಬರ ಸ್ವಂತ ಮೇಲ್ ಮತ್ತು ಮೊಬೈಲ್ ನಂಬರಿನಲ್ಲಿದ್ದರೆ ಇಲ್ಲೇ ತೊಂದರೆ. ಹಳೆಯ ಸಿಮ್ ನಿಂತರೆ ಒಟಿಪಿ ಬರುವುದಿಲ್ಲ, ನವೀಕರಣ ತಪ್ಪುತ್ತದೆ, ಹೆಸರು ಬೇರೆಯವರ ಪಾಲಾಗುತ್ತದೆ. ತಾಣಕ್ಕೆಂದೇ ಒಂದು ಮೇಲ್ ತೆರೆದು ಎಲ್ಲ ಖಾತೆಗಳನ್ನೂ ಅದರಲ್ಲಿಡಿ. ಎರಡು ಹಂತದ ಪ್ರವೇಶಕ್ಕೆ ಮೊಬೈಲ್ ನಂಬರಿನ ಬದಲು ಆಪ್ ಬಳಸಿ, ತುರ್ತು ಸಂಕೇತಗಳನ್ನು ಕಾಗದದಲ್ಲಿ ಬರೆದು ಇಬ್ಬರ ಮನೆಯಲ್ಲಿಡಿ. ಕಥೆ ಕೊಟ್ಟವರೊಂದಿಗೆ ಮೊದಲೇ ಎರಡು ಸಾಲಿನ ಒಪ್ಪಿಗೆ ಇರಲಿ: ಹಕ್ಕು ಬರೆದವರದ್ದೇ, ತಾಣ ಬೇರೆಯವರ ಕೈಗೆ ಹೋದರೂ ಪ್ರಕಟವಾಗಿ ಉಳಿಯಬಹುದು, ಬರೆದವರು ಕೇಳಿದ ದಿನ ತೆಗೆಯಲಾಗುವುದು. ಈ ಒಪ್ಪಿಗೆ ಇಲ್ಲದಿದ್ದರೆ ಹೊಸಬರು ಪ್ರತಿಯೊಬ್ಬ ಲೇಖಕರನ್ನೂ ಹುಡುಕಿಕೊಂಡು ಹೋಗಬೇಕಾಗುತ್ತದೆ.